ಪಾಠಾಂತರವೂ ಶ್ರದ್ಧೆಯೂ

ಹಡಗಲಿ ಸೀಮೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವು ಒಂದೇ ವಾಕ್ಯವಷ್ಟೆ. ಅಪಾರ ಜನಸ್ತೋಮವು ಉಸಿರು ಬಿಗಿಹಿಡಿದು ಅದನ್ನು ಏಕಕಾಲದಲ್ಲಿ ಕೇಳುವುದು. ಆದರೂ ಕೂಡ್ಲಿಗಿಗೆ ಮರಳಿದವರ ಬಾಯಲ್ಲಿ ಅದು ಒಂದು ಬಗೆಯಾಗಿಯೂ, ಹರಪನಹಳ್ಳಿಗೆ ಮರಳಿದವರ ಬಾಯಲ್ಲಿ ಇನ್ನೊಂದು ಬಗೆಯಾಗಿಯೂ ಕೇಳಿಬರುವುದುಂಟು. ಒಂದು ವಾಕ್ಯದ ಪಾಡೇ ಹೀಗಿರುವಲ್ಲಿ, ಶತಮಾನಗಳ ಕಾಲ ಕೈಯಿಂದ ಕೈಗೆ ಪ್ರತಿಯಾಗುತ್ತ ಬಂದ ದೊಡ್ಡ ಗ್ರಂಥವೊಂದು ಕೆಡದೆ ಉಳಿಯಿತೆಂದು ಅದರ ಅನುಯಾಯಿಗಳು ಯಾವ ಧೈರ್ಯದಿಂದ ಹೇಳುವರು?

ಕ್ರೈಸ್ತರ ಸತ್ಯವೇದವು ಈ ಪ್ರಾಂತಕ್ಕೆ ಹೊಸತಲ್ಲ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಭಾಷಾಂತರಕ್ಕೆ ಕೈಯಿಕ್ಕಿದನು. ಕನ್ನಡ ನಿಘಂಟಿನಿಂದ ಹೆಸರಾದ ರೀವ್ ಅವನ ಜೊತೆಗಾರನಾಗಿದ್ದನು. 1831ರ ವೇಳೆಗೆ ಸಂಪೂರ್ಣ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. ಆ ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿ ಪರಿಷ್ಕರಿಸಿದರು. ಆಗ ತಿದ್ದಿದುದು ಭಾಷಾಂತರವನ್ನು. ಮೂಲವು ಸ್ಥಿರವೇ ಎಂಬ ಪ್ರಶ್ನೆಯು ಬೇರೆಯಾಗಿದೆ.

ಮೂಲಕರ್ತರ ಕೈಬರಹವು ಒಂದೂ ಉಳಿದಿಲ್ಲ. ಹೀಬ್ರೂ ಭಾಷೆಯ ಹಳೆಯ ಒಡಂಬಡಿಕೆಯನ್ನು ಮಸೋರಾ ಪಂಡಿತರು ಪದಗಳನ್ನೂ ಅಕ್ಷರಗಳನ್ನೂ ಎಣಿಸಿ ಕಾದರು. ಸಂದೇಹವಿದ್ದಲ್ಲಿ ಪಂಕ್ತಿಯನ್ನು ಮುಟ್ಟದೆ ಓದಬೇಕಾದ ರೂಪವನ್ನು ಅಂಚಿನಲ್ಲಿ ಗುರುತಿಸಿದರು. ಪದಪಾಠ, ಕ್ರಮಪಾಠ, ಘನಪಾಠಗಳಿಂದ ವೇದವನ್ನು ಕಂಠದಲ್ಲಿ ಕಾದ ನಮ್ಮ ನಾಡಿಗೆ ಈ ಶ್ರಮದ ಬೆಲೆಯನ್ನು ತಿಳಿಸಿ ಹೇಳಬೇಕಾಗಿಲ್ಲ. 1947ರಿಂದೀಚೆಗೆ ಮೃತಸಮುದ್ರದ ಬಳಿಯ ಗವಿಗಳಲ್ಲಿ ದೊರೆತ ಯೆಶಾಯನ ಸುರುಳಿಯು ಮಸೋರಾ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಸಣ್ಣ ಭೇದಗಳು ಅನೇಕವಿದ್ದರೂ ಅದು ಬಹುಮಟ್ಟಿಗೆ ಅವುಗಳೊಡನೆ ಹೊಂದುವುದು. ಆದರೆ ಅದೇ ಗವಿಗಳಲ್ಲಿ ಸಿಕ್ಕ ಯೆರೆಮೀಯನ ಕೆಲವು ತುಣುಕುಗಳು ಹ್ರಸ್ವವಾದ ಬೇರೊಂದು ಪಾಠವನ್ನು ತೋರಿಸುವುವು.

ಹೊಸ ಒಡಂಬಡಿಕೆಗೆ ಐದು ಸಾವಿರಕ್ಕೂ ಮೇಲ್ಪಟ್ಟು ಗ್ರೀಕ್ ಹಸ್ತಪ್ರತಿಗಳುಂಟು, ಪಾಠಾಂತರಗಳಂತೂ ಲಕ್ಷಗಟ್ಟಲೆ. ಅವುಗಳಲ್ಲಿ ಬಹುಪಾಲು ಕಾಗುಣಿತದ ತಪ್ಪು, ಪದಗಳ ಹಿಂದುಮುಂದು. ಎಲ್ಲವೂ ಹಾಗಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಕಲ್ಲೇಟಿನಿಂದ ಉಳಿಸಿದ ಕಥೆಯೂ, ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳೂ ನಾಲ್ಕನೆಯ ಶತಮಾನದ ಎರಡು ಪ್ರಧಾನ ಪ್ರತಿಗಳಲ್ಲಿ ಕಾಣಬರುವುದಿಲ್ಲ. ಎಷ್ಟೋ ಜನರಿಗೆ ಅತ್ಯಂತ ಪ್ರಿಯವಾದ ಕಥೆಯೇ ಪ್ರಕ್ಷಿಪ್ತವಾದರೆ ಭಕ್ತನು ಏನು ಮಾಡಬೇಕು?

ಇದಕ್ಕೆ ಕ್ರೈಸ್ತರ ಉತ್ತರವು ಒಂದೇ ಅಲ್ಲ. 1516ರಲ್ಲಿ ಎರಾಸ್ಮಸನು ಈಚಿನ ಕೆಲವೇ ಪ್ರತಿಗಳಿಂದ ಅಚ್ಚು ಹಾಕಿಸಿದ ಗ್ರೀಕ್ ಗ್ರಂಥದಿಂದ ಬೆಳೆದುಬಂದ ಪಾಠವನ್ನೇ ದೇವರು ಕಾದನೆಂದು ಕೆಲವರು ಹಿಡಿದಿರುವರು. ಪರಂಪರೆಯಿಂದ ಗ್ರಂಥವನ್ನು ಸಭೆಯೇ ಕಾಯುತ್ತ ಬಂದಿತೆಂಬುದು ಕಥೋಲಿಕರ ನಿಲುವು. ವಿದ್ವಾಂಸರಲ್ಲಿ ಹೆಚ್ಚಿನವರು, ಮೂಲವು ಯಾವ ಒಂದು ಪ್ರತಿಯಲ್ಲಿಯೂ ಪೂರ್ಣವಾಗಿ ನಿಲ್ಲದೆ ಪ್ರತಿಗಳ ಸಮೂಹದಲ್ಲಿ ಉಳಿದಿದೆಯೆಂದೂ, ಅವುಗಳನ್ನು ಒಂದಕ್ಕೊಂದು ಹೋಲಿಸಿ ಅದನ್ನು ಬಹುಮಟ್ಟಿಗೆ ಕಂಡುಕೊಳ್ಳಬಹುದೆಂದೂ ಹೇಳುವರು. ಆದುದರಿಂದ ಅನೇಕ ಮುದ್ರಣಗಳಲ್ಲಿ ಆ ಕಥೆಯನ್ನು ಕಿತ್ತೆಸೆದಿಲ್ಲ, ಅದರ ಸ್ಥಿತಿಯನ್ನು ಮರೆಮಾಚಿಯೂ ಇಲ್ಲ. ಕಂಸದೊಳಗಿಟ್ಟು ಅಡಿಟಿಪ್ಪಣಿ ಕೊಟ್ಟಿರುವರು.

ನಮ್ಮ ತಾಳೆಯೋಲೆಗಳ ಲಿಪಿಕಾರನು ಕೊನೆಯಲ್ಲಿ ತಪ್ಪನ್ನು ತಿದ್ದಿಕೊಳ್ಳಿರೆಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದನು. ವಚನಗಳ ಕಟ್ಟುಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರಂಥವರೂ ಓಲೆಗಳೊಡನೆ ಹೆಣಗಿದವರೇ. ಪಾಠಾಂತರವನ್ನು ತೋರಿಸುವವನು ಶ್ರದ್ಧೆಯ ಶತ್ರುವೆಂದು ಕೊಟ್ಟೂರಿನ ಮನೆಯವರಾಗಲಿ ಬಳ್ಳಾರಿಯ ಸಭೆಯವರಾಗಲಿ ಅಂಜಬೇಕಾದುದಿಲ್ಲ. ಸಂದೇಹವಿದ್ದ ಪಂಕ್ತಿಯ ಬದಿಗೆ ಗುರುತು ಹಾಕುವ ಕೈಯೂ ಗ್ರಂಥವನ್ನು ಕಾಯುವ ಕೈಯೇ ಆಗಿರುವುದು.