ಪೂರಕ ಪ್ರಶ್ನೆ

ಮೇಷ್ಟರಾದವನಿಗೆ ಪ್ರಶ್ನೆ ಹಾಕಿ ಅಭ್ಯಾಸವೇ ಹೊರತು ಹಾಕಿಸಿಕೊಂಡು ಅಭ್ಯಾಸವಿಲ್ಲ. ಮನೆಯಲ್ಲಿ ನನ್ನಾಕೆಯ ಪ್ರಶ್ನೆಗಳಿಗೆ ವೃತ್ತಪತ್ರಿಕೆಯನ್ನು ಅಡ್ಡ ಹಿಡಿಯುವುದನ್ನೂ, ತರಗತಿಯಲ್ಲಿ ಹುಡುಗರ ಪ್ರಶ್ನೆಗಳಿಗೆ ಗಡಿಯಾರದ ಕಡೆ ನೋಡುವುದನ್ನೂ ನಾನು ಬಹುಕಾಲದಿಂದ ರೂಢಿಸಿಕೊಂಡು ಬಂದವನು. ಇಂತಹ ನಾನು ಪ್ರಶ್ನೆಯ ಬೆಲೆ ತಿಳಿಯುವುದಕ್ಕೆ ದೆಹಲಿಯವರೆಗೆ ಹೋಗಬೇಕಾಯಿತು.

2025ರ ಮಾರ್ಚ್ ತಿಂಗಳಲ್ಲಿ ವಿಚಾರಸಂಕಿರಣವೊಂದಕ್ಕಾಗಿ ಅಲ್ಲಿಗೆ ಹೋಗಿದ್ದೆ. ಒಂದು ದಿನ ಬಿಡುವಾಯಿತು. ಹಿರಿಯರೊಬ್ಬರ ಕೃಪೆಯಿಂದ ಲೋಕಸಭೆಯ ಪ್ರೇಕ್ಷಕರ ಗ್ಯಾಲರಿಗೆ ಪಾಸೂ ದೊರೆಯಿತು. ನಾನು ಬಯಸಿ ಹೋದದ್ದು ಭಾಷಣವನ್ನು. 1967ರಲ್ಲಿ ಶಿವಮೊಗ್ಗದಿಂದ ಆರಿಸಿ ಹೋದ ಜೆ. ಎಚ್. ಪಟೇಲರು ಆ ಸದನದಲ್ಲಿ ಕನ್ನಡದಲ್ಲಿ ಮಾತನಾಡಿದ ಪ್ರಸಂಗವನ್ನು ತರಗತಿಯಲ್ಲಿ ಬಣ್ಣಿಸಿ ಎಷ್ಟೋ ಸಲ ಚಪ್ಪಾಳೆ ಗಿಟ್ಟಿಸಿದ್ದೇನೆ. ಅಂತಹುದೊಂದು ವಾಗ್ವೈಭವವನ್ನು ಕಿವಿಯಾರೆ ಕೇಳಿ ಬರೋಣವೆಂಬ ಆಸೆ.

ಪಟೇಲರು ಮಾತನಾಡಿದ ಆ ದುಂಡನೆಯ, 144 ಕಂಬಗಳ ಭವನ ಈಗ ಪಕ್ಕದಲ್ಲಿ ಸುಮ್ಮನೆ ನಿಂತಿದೆ. 2023ರ ಸೆಪ್ಟೆಂಬರಿನಿಂದ ಕಲಾಪ ನಡೆಯುತ್ತಿರುವುದು ತ್ರಿಕೋನಾಕಾರದ ಹೊಸ ಭವನದಲ್ಲಿ. ಕೈಫೋನನ್ನು ಒಪ್ಪಿಸಿ, ತಪಾಸಣೆಗಳನ್ನು ದಾಟಿ ಗ್ಯಾಲರಿಯಲ್ಲಿ ಕುಳಿತೆ. ಅಲ್ಲಿ ಕುಳಿತವನು ಮಾತನಾಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ನಮ್ಮ ಭಾಷೆಯ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳಷ್ಟೆ. ಪ್ರೇಕ್ಷಕನು ಕೇಳಬಹುದು, ಆದರೆ ಕೇಳಬಾರದು! ಕಿವಿಗೆ ಅನುಮತಿಯುಂಟು, ಬಾಯಿಗಿಲ್ಲ.

ಹನ್ನೊಂದು ಗಂಟೆಗೆ ಸರಿಯಾಗಿ ಸಭಾಧ್ಯಕ್ಷರು ಬಂದರು. ಎಲ್ಲರೂ ಎದ್ದು ನಿಂತು ಕುಳಿತರು. ಪ್ರಶ್ನೋತ್ತರ ವೇಳೆ ಆರಂಭವಾಯಿತು. ದಿನವೊಂದಕ್ಕೆ ಚುಕ್ಕೆ ಗುರುತಿನ ಪ್ರಶ್ನೆಗಳು 20. ಇವಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಚುಕ್ಕೆ ಇಲ್ಲದವು 230. ಅವಕ್ಕೆ ಲಿಖಿತ ಉತ್ತರವೇ ಸಾಕು. ಪ್ರಶ್ನೆಯನ್ನು 15 ದಿನ ಮೊದಲೇ ಬರೆದು ಕೊಟ್ಟಿರಬೇಕು. ಮಂತ್ರಿಗಳೊಬ್ಬರು ಎದ್ದು, ಉತ್ತರವನ್ನು ಸದನದ ಮುಂದೆ ಇರಿಸಲಾಗಿದೆ ಎಂದರು. ನನಗೆ ನಿರಾಶೆಯಾಯಿತು. ಮೊದಲೇ ಗೊತ್ತಿರುವ ಪ್ರಶ್ನೆ, ಅಚ್ಚಾಗಿ ಬಂದ ಉತ್ತರ! ನಮ್ಮ ಪರೀಕ್ಷೆಗಳಿಗಿಂತ ಇದೇನು ಮೇಲು?

ಅಷ್ಟರಲ್ಲಿ ಪ್ರಶ್ನೆ ಕೇಳಿದ್ದ ಸದಸ್ಯರು ಮತ್ತೆ ಎದ್ದರು. ದೊಡ್ಡ ವಾಗ್ಮಿಗಳೇನೂ ಅಲ್ಲ. ಕೈಯಲ್ಲಿದ್ದ ಚೀಟಿ ಸ್ವಲ್ಪ ನಡುಗುತ್ತಿತ್ತು. ಉತ್ತರದಲ್ಲಿ ಹೇಳಿದ್ದೆಲ್ಲ ಸರಿ, ಆದರೆ ತಮ್ಮ ಕಡೆಯ ಸಣ್ಣ ನಿಲ್ದಾಣವೊಂದರಲ್ಲಿ ನಿಲ್ಲುತ್ತಿದ್ದ ರೈಲು ಈಗ ನಿಲ್ಲುವುದಿಲ್ಲ, ಓದುವ ಮಕ್ಕಳು ಹೋಗುವುದು ಹೇಗೆ, ಎಂದು ಕೇಳಿದರು. ಇದೇ ಪೂರಕ ಪ್ರಶ್ನೆ. ಇದನ್ನು ಯಾರೂ ಮೊದಲೇ ಬರೆದು ಕೊಟ್ಟಿರುವುದಿಲ್ಲ. ಮಂತ್ರಿಗಳು ಅಂಕಿ ಅಂಶಗಳನ್ನು ಹೇಳಿದರು. ಸದಸ್ಯರು ಎರಡನೆಯ ಸಲ ಎದ್ದು, ಅದೆಲ್ಲ ಇರಲಿ, ರೈಲು ನಿಲ್ಲುತ್ತದೆಯೋ ಇಲ್ಲವೋ ಎಂದರು. ಸದನದಲ್ಲಿ ನಗೆ ಎದ್ದಿತು. ಮಂತ್ರಿಗಳೂ ನಕ್ಕು, ಪರಿಶೀಲಿಸುತ್ತೇನೆ ಎಂದರು. ರೈಲು ನಿಂತಿತೋ ಇಲ್ಲವೋ ನಾನರಿಯೆ. ಆದರೆ ಆ ಮಾತು ಆ ದಿನದ ಕಡತಕ್ಕೆ ಸೇರಿತು, ಇನ್ನು ಅಳಿಯುವುದಿಲ್ಲ.

ಪೂರಕ ಪ್ರಶ್ನೆಯನ್ನು ಹಗುರವಾಗಿ ಎಣಿಸುವಂತಿಲ್ಲ. 1957ರಲ್ಲಿ ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಹಾಕಿದ ವಿಷಯ ಲೋಕಸಭೆಯಲ್ಲಿ ಮೊದಲು ಬಂದದ್ದು ಪ್ರಶ್ನೆಯ ರೂಪದಲ್ಲಿಯೇ. ಉತ್ತರ ಬಂದಿತು, ಸಮಾಧಾನ ಬರಲಿಲ್ಲ. ಆಳುವ ಪಕ್ಷದವರೇ, ಪ್ರಧಾನಿಯವರ ಅಳಿಯನೇ ಆದ ಫಿರೋಜ್ ಗಾಂಧಿಯವರು ಬಿಡದೆ ಮತ್ತೆ ಮತ್ತೆ ಕೇಳಿದರು. ನ್ಯಾಯಮೂರ್ತಿ ಛಾಗ್ಲಾ ಅವರ ಬಹಿರಂಗ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು.

ಈ ವೇಳೆ ಗದ್ದಲದಲ್ಲಿ ಮುಳುಗಿಹೋಗುವ ದಿನಗಳೂ ಹೇರಳ. 2020ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಸಾಂಕ್ರಾಮಿಕದ ಕಾರಣದಿಂದ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ. ಅದನ್ನು ಓದಿದಾಗ ನನಗೇನೂ ಅನ್ನಿಸಿರಲಿಲ್ಲ. ಗ್ಯಾಲರಿಯಲ್ಲಿ ಕುಳಿತಾಗ ಮಾತ್ರ ಏನೋ ಚುಚ್ಚಿತು. ಕಾರಣ, ಚೀಟಿ ಹಿಡಿದ ಆ ಸದಸ್ಯರ ಜಾಗದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕಾಣಿಸಿದಳು.

ಅದಕ್ಕೆ ಕೆಲವು ತಿಂಗಳ ಹಿಂದೆ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಆಕೆ ಎದ್ದು, “ಸಾರ್, ಸತ್ಯ ಹರಿಶ್ಚಂದ್ರನದು. ಮಾರಾಟವಾದವನು ಲೋಹಿತಾಶ್ವ. ಆ ಮಗುವನ್ನು ಯಾರಾದರೂ ಒಂದು ಮಾತು ಕೇಳಿದರೆ?” ಎಂದಳು.

“ಮಗ ತಂದೆಯ ಅಧೀನ ಎಂದು ತಿಳಿದಿದ್ದ ಕಾಲ ಅದು,” ಎಂದೆ. ಇದು ನನ್ನ ಅಚ್ಚಾದ ಉತ್ತರ.

“ಹಾಗಾದರೆ ಕವಿಗೂ ಹಾಗೆಯೇ ಅನ್ನಿಸಿತ್ತೆ, ಸಾರ್?”

ಎಂತಹ ಪೂರಕ ಪ್ರಶ್ನೆ! ನನಗೆ ಉತ್ತರ ತಿಳಿದಿರಲಿಲ್ಲ. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೊಳ್ಳಮ್ಮ,” ಎಂದೆ. ತರಗತಿ ನಕ್ಕಿತು. ಆಕೆ ಕುಳಿತಳು, ಮತ್ತೆ ಏಳಲಿಲ್ಲ. ಸಾವಿರಾರು ಕೋಟಿಗಳ ಲೆಕ್ಕ ಹೊತ್ತ ಮಂತ್ರಿಗಳು ಒಂದು ಸಣ್ಣ ನಿಲ್ದಾಣದ ಪ್ರಶ್ನೆಗೆ ಎರಡು ಸಲ ಎದ್ದು ನಿಲ್ಲಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ನಾನು ಒಂದು ಸಲವೂ ನಿಲ್ಲಲಿಲ್ಲ.

ಊರಿಗೆ ಮರಳಿದ ಮೊದಲ ದಿನವೇ ತರಗತಿಯಲ್ಲಿ ಆಕೆಯನ್ನು ಕರೆದು, “ಅಂದು ನೀನು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲಮ್ಮ. ಇನ್ನೊಮ್ಮೆ ಕೇಳು, ಎಲ್ಲರೂ ಸೇರಿ ಯೋಚಿಸೋಣ,” ಎಂದೆ.

ಆಕೆ ತಲೆ ತಗ್ಗಿಸಿ, “ಏನು ಕೇಳಿದ್ದೆನೋ ಮರೆತುಹೋಯಿತು, ಸಾರ್,” ಎಂದಳು.

ನಿಜವಾಗಿ ಮರೆತಿದ್ದಳೋ, ನನ್ನನ್ನು ನಂಬಲಿಲ್ಲವೋ ಹೇಳಲಾರೆ. ಅಂದಿನಿಂದ ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷ ಪ್ರಶ್ನೆಗಳಿಗೆಂದೇ ಮೀಸಲು. 15 ದಿನದ ಮುನ್ಸೂಚನೆ ಬೇಕಿಲ್ಲ. ಹುಡುಗರು ಕೇಳುತ್ತಾರೆ, ಕೆಲವು ಸಲ ನಾನು ತಡವರಿಸುತ್ತೇನೆ, ಅವರು ನಗುತ್ತಾರೆ. ಆಕೆ ಮಾತ್ರ ಇನ್ನೂ ಎದ್ದಿಲ್ಲ. ಗಡಿಯಾರದ ಕಡೆ ನೋಡದೆ ಕಾಯುತ್ತಿದ್ದೇನೆ.