ಸಹಾಯವಾಣಿಯ ಎರಡನೆಯ ಪಾಠ

ಸಿಗರೇಟು, ಬೀಡಿಗಳ ಕಟ್ಟಿನ ಮೇಲೆ ಭಯಂಕರ ಚಿತ್ರದೊಡನೆ ಒಂದು ದೂರವಾಣಿ ಸಂಖ್ಯೆಯೂ ಅಚ್ಚಾಗಿರುತ್ತದೆ: 1800-11-2356. ತಂಬಾಕು ಬಿಡಬಯಸುವವರಿಗಾಗಿ 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಆರಂಭವಾದ ಈ ಉಚಿತ ಸಹಾಯವಾಣಿಯು 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೂ ವಿಸ್ತರಿಸಿ, ದಕ್ಷಿಣದ ಭಾಷೆಗಳಲ್ಲಿ ಮಾತನಾಡತೊಡಗಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಚಿಲಮತ್ತೂರಿನವರಿಗೆ ಇದು ಸಣ್ಣ ಉಪಕಾರವಲ್ಲ. ಬಿಡಲಾಗದ ಚಟದ ಸಂಕಟವನ್ನು ಮನೆಯ ಮಾತಿನಲ್ಲಿಯೇ ತೋಡಿಕೊಳ್ಳಬೇಕು.

ಊರ ಕಟ್ಟೆಯ ಮೇಲೆ ನನ್ನ ವಯಸ್ಸಿನವರಿಂದ ಎರಡು ಮಾತು ಕೇಳುತ್ತೇನೆ. "ಇಷ್ಟು ಕಾಲ ಸೇದಿದ್ದಾಯಿತು, ಇನ್ನು ಬಿಟ್ಟೇನು ಫಲ?" ಎಂಬುದು ಒಂದು, "ಬಿಟ್ಟು ಐದು ವರ್ಷವಾಯಿತು, ಇನ್ನೇನು ಭಯ?" ಎಂಬುದು ಇನ್ನೊಂದು. ಎರಡೂ ತಪ್ಪು. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು. ಆದರೆ ಬಿಟ್ಟ ಮೇಲೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹುಕಾಲ ಉಳಿದಿರುತ್ತದೆ. ಆ ರೋಗವಾದರೋ ಮೊದಲ ಹಂತದಲ್ಲಿ ಸಾಮಾನ್ಯವಾಗಿ ನೋವು, ಕೆಮ್ಮು ಯಾವುದನ್ನೂ ತೋರುವುದಿಲ್ಲ.

ಅಮೆರಿಕದಲ್ಲಿ ಐವತ್ತಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡ ಧೂಮಪಾನಿಗಳಲ್ಲಿ ಈ ಕ್ಯಾನ್ಸರಿನ ಸಾವು, ಎಕ್ಸ್-ರೇ ಮಾಡಿಸಿಕೊಂಡವರಿಗಿಂತ ಶೇಕಡಾ 20ರಷ್ಟು ಕಡಿಮೆಯಿತ್ತು. ಅಲ್ಲಿಯ 2021ರ ನಿಯಮದಂತೆ, ವಯಸ್ಸು 50ರಿಂದ 80 ಇದ್ದು, ದಿನಕ್ಕೆ ಇಪ್ಪತ್ತು ಸಿಗರೇಟಿನಂತೆ 20 ವರ್ಷ ಅಥವಾ ಹತ್ತರಂತೆ 40 ವರ್ಷ ಸೇದಿದವರಿಗೆ, ಬಿಟ್ಟು ಹದಿನೈದು ವರ್ಷವಾಗುವವರೆಗೂ, ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಸೂಚಿಸುತ್ತಾರೆ. ಇದು ಐದನೆಯ ತರಗತಿಯ ಗುಣಾಕಾರ. ಯಾರೂ ಮನೆಯಲ್ಲಿಯೇ ಲೆಕ್ಕ ಹಾಕಿಕೊಳ್ಳಬಹುದು.

ನಮ್ಮ ನಾಡಿನಲ್ಲಿ ಒಂದು ತೊಡಕುಂಟು. ಹಳೆಯ ಕ್ಷಯರೋಗದ ಕಲೆಯೂ ಸ್ಕ್ಯಾನಿನಲ್ಲಿ ಗಂಟಿನಂತೆ ಕಂಡು, ಇಲ್ಲದ ರೋಗದ ಭಯ ಹುಟ್ಟಿಸಬಹುದು. ಆದಕಾರಣ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಸ್ಕ್ಯಾನ್ ಶುದ್ಧವಾಗಿ ಬಂದಿತೆಂದು ಮತ್ತೆ ಬೀಡಿ ಹಚ್ಚುವುದು ಮಾತ್ರ ಮೂರ್ಖತನ.

ಪಾಠ ತಲೆಗೆ ಹತ್ತುವುದು ವಿದ್ಯಾರ್ಥಿ ತಾನಾಗಿ ಪ್ರಶ್ನೆ ಕೇಳಿದಾಗ. ಸಹಾಯವಾಣಿಗೆ ಕರೆ ಮಾಡಿದವನು ಅಂಥ ವಿದ್ಯಾರ್ಥಿ. ಚಟ ಬಿಡಿಸುವ ಮೊದಲ ಪಾಠದೊಂದಿಗೆ ತಪಾಸಣೆಯ ಎರಡನೆಯ ಪಾಠವನ್ನೂ ಅವನಿಗೆ ಅಲ್ಲಿಯೇ ಹೇಳಿಕೊಡಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ, ತಂದೆಗೋ ತಾತನಿಗೋ ಆ ಸಂಖ್ಯೆಯನ್ನು ಒತ್ತಿಕೊಡುವ ಮಕ್ಕಳು ಇನ್ನೊಂದು ಪ್ರಶ್ನೆಯನ್ನೂ ಕೇಳಿಸಲಿ: "ನನ್ನ ಶ್ವಾಸಕೋಶದ ತಪಾಸಣೆ ಅಗತ್ಯವೇ? ಯಾರನ್ನು ಕಾಣಲಿ?"