ಒಲೆಯ ಮೇಲೆ ಆಟದ ಹಿಟ್ಟು

ಮಕ್ಕಳ ಆಟದ ಹಿಟ್ಟನ್ನು ಕೊಳ್ಳಲೇಬೇಕೆಂದಿಲ್ಲ. ಎರಡು ಲೋಟ ಮೈದಾ, ಒಂದು ಲೋಟ ಪುಡಿಯುಪ್ಪು, ಎರಡು ಲೋಟ ನೀರು, ಎರಡು ದೊಡ್ಡ ಚಮಚ ಎಣ್ಣೆ, ಅಷ್ಟೇ ನಿಂಬೆರಸ. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ; ತಳ ಬಿಟ್ಟು ಮುದ್ದೆಯಾದಾಗ ಇಳಿಸಿ, ಆರಿದ ಮೇಲೆ ಚೆನ್ನಾಗಿ ನಾದಿ. ಕಾಯಿಸುವುದನ್ನು ಮಾತ್ರ ಬಿಡಬೇಡಿ, ಪಿಷ್ಟ ಬೆಂದರೇ ಆ ಮೆದುತನ. ಉಪ್ಪಿದ್ದರೆ ಬೇಗ ಬೂಷ್ಟು ಹಿಡಿಯದು. ಬಣ್ಣಕ್ಕೆ ಅರಿಸಿನ, ಬೀಟ್‌ರೂಟ್ ರಸ ಧಾರಾಳ ಸಾಕು. ಎಲ್ಲವನ್ನೂ ಬಾಯಿಗಿಡುವ ಕೂಸಿಗೆ, ಮನೆಯ ನಾಯಿಗೆ ಸಿಗದಂತೆ ಇಡಿ. ಅಷ್ಟು ಉಪ್ಪು ನಿಜಕ್ಕೂ ಅಪಾಯ. ಅಂದಹಾಗೆ, ಪೇಟೆಯ ಪ್ಲೇ-ಡೋ ಕೂಡ ಮೊದಲು ಅಮೆರಿಕದಲ್ಲಿ ಗೋಡೆಕಾಗದದ ಮಸಿ ತೆಗೆಯುವ ಹಿಟ್ಟಾಗಿತ್ತು. ಆಟಿಕೆಯಾಗಿದ್ದು 1950ರ ದಶಕದಲ್ಲಿ. ಮಕ್ಕಳಿಗೆ ಅಚ್ಚುಗಳನ್ನು ಕೊಡಬೇಡಿ ದಯವಿಟ್ಟು. ಸೊಂಡಿಲು ಸೊಟ್ಟಗಿದ್ದರೂ ಆನೆಯನ್ನು ಅವರೇ ಮಾಡಲಿ.